ಆರು ಕೋಣದ ಸೆಕ್ರೆಟ್ರಿ

ಅಥವಾ ಆ ‘ಊಂ’ ಅನ್ನುವ ಮುಂಚೆ ಅವರು ಪುಸ್ತಕದ ಕಡೆ ನೋಡಿದರೋ, ಅಕ್ಕನ ಕಡೆ ನೋಡಿದರೋ? ನನ್ನ ನೆನಪಿನಲ್ಲಿ ಎರಡೂ ಇವೆ. ಒಂದರಲ್ಲಿ ಅವರು ಪುಟದ ಮೇಲೆ ಬೆರಳಿಟ್ಟುಕೊಂಡು, ಅಲ್ಲಿ ಬರೆದದ್ದನ್ನೇ ಒಪ್ಪಿಸುವವರ ಹಾಗೆ ‘ಊಂ’ ಅನ್ನುತ್ತಾರೆ. ಇನ್ನೊಂದರಲ್ಲಿ ತಲೆಯೆತ್ತಿ ಅಕ್ಕನ ಮುಖ ನೋಡಿ, ಅರೆಗಳಿಗೆ ತಡೆದು, ಆಮೇಲೆ ಅನ್ನುತ್ತಾರೆ. ಎರಡೂ ನಿಜವಾಗಿರಲಾರವು. ಎರಡೂ ಸುಳ್ಳಾಗಿರಬಹುದು.

ಕಳೆದ ವಾರ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಆ ಊರಿನವರೊಬ್ಬರು ಸಿಕ್ಕಿ, “ನಮ್ ಸೆಕ್ರೆಟ್ರಿ ಓಗ್ಬುಟ್ರು ಸಾ, ಮಾಗೀಲಿ” ಅಂದರು. ಅಂದವರೇ ಬಾಬುರಾಯನಕೊಪ್ಪಲಿನಲ್ಲಿ ಇಳಿಯಬೇಕೆಂದು ಓಡಿ ಬಸ್ಸು ಹತ್ತಿದರು. ಅಂದಿನಿಂದ ಆ ‘ಊಂ’ ನನ್ನನ್ನು ಬಿಟ್ಟಿಲ್ಲ.

ಹೆಸರು ಬರೆಯುವುದಿಲ್ಲ. ಊರಿನಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಸಣ್ಣ ಊರಿನ ಹಾಲಿನ ಡೈರಿಗೆ ಅವರು ಸೆಕ್ರೆಟರಿ. ಎಲ್ಲರ ಬಾಯಲ್ಲೂ ಸೆಕ್ರೆಟ್ರಿ. ತೊಂಬತ್ತರ ದಶಕದ ಕೆಲವು ವರ್ಷ ನಾನು ಪೇಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತ ಆ ಊರಿನಲ್ಲೇ ಒಂದು ಕೋಣೆ ಹಿಡಿದಿದ್ದೆ. ಕೋಣೆಯ ಎದುರಿಗೇ ಡೈರಿ.

ಉದ್ದನೆಯ ಮನುಷ್ಯ. ಬಾಗಿಲು ಎಷ್ಟೇ ಎತ್ತರವಿದ್ದರೂ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು. ಚಿಕ್ಕಂದಿನಲ್ಲಿ ಯಾವುದೋ ಒಂದು ಬಾಗಿಲು ಕಲಿಸಿದ ಪಾಠವನ್ನು ಉಳಿದ ಎಲ್ಲ ಬಾಗಿಲುಗಳ ಮೇಲೂ ಪ್ರಯೋಗಿಸುತ್ತಿದ್ದರು. ಹಾಲಿನಲ್ಲಿ ನೀರಿದೆಯೇ ಅಂತ ನೋಡುವ ಗಾಜಿನ ಕಡ್ಡಿ ಸದಾ ಅವರ ಕೈಯಲ್ಲಿರುತ್ತಿತ್ತು. ಅದನ್ನು ಹಾಲಿನಲ್ಲಿ ಬಿಟ್ಟು, ಅದು ತೇಲಿ ನಿಂತ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ ಗೆರೆ ನೋಡಿ, “ಇಪ್ಪತ್ತೆಂಟು” ಅಂದರೆ ಇಪ್ಪತ್ತೆಂಟೇ. “ಇಪ್ಪತ್ನಾಕು, ತಗಂಡೋಗಕ್ಕ” ಅಂದರೆ ನೀರು ಬೆರೆತಿದೆ ಅಂತ; ಆ ಹೆಂಗಸು ಬಾಯಿ ಮುಚ್ಚಿಕೊಂಡು ತಪ್ಪಲೆ ಎತ್ತಿಕೊಂಡು ಹೋಗಬೇಕು. ಆ ಗೆರೆಗಳು ಕೂದಲಿನಷ್ಟು ಸಣ್ಣ. ಬೇರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ನೋಡಬೇಕೆಂದು ಯಾರೂ ಕೇಳುತ್ತಲೂ ಇರಲಿಲ್ಲ. ಇಡೀ ಊರಿನ ಹಾಲು ಅವರ ಒಂದು ಮಾತಿನ ಮೇಲೆ ನಿಂತಿತ್ತು. “ಸೆಕ್ರೆಟ್ರಿ ಸುಳ್ಳೇಳಕಿಲ್ಲ” ಎಂಬುದು ಆ ಊರಿನಲ್ಲಿ ಹೊಗಳಿಕೆಯಲ್ಲ, ವ್ಯವಸ್ಥೆ.

ಇಂಥ ಮನುಷ್ಯನಿಗೆ ನಾನು ಒಂದು ಕಾದಂಬರಿ ಕೊಟ್ಟೆ.

ಸಂಜೆ ಹಾಲು ಅಳೆದಾದ ಮೇಲೆ ವ್ಯಾನು ಬರುವವರೆಗೆ ಮುಕ್ಕಾಲು ಗಂಟೆ ಎಲ್ಲರೂ ಸುಮ್ಮನೆ ಕೂರುತ್ತಿದ್ದರು. “ಏನಾರ ಓದಕ್ ಕೊಡಿ ಮೇಷ್ಟ್ರೇ, ಪೇಪರ್ನಾಗೆ ಬರೀ ಕಾವೇರಿ ಗಲಾಟೆ” ಅಂದರು ಸೆಕ್ರೆಟ್ರಿ. ಕೈಗೆ ಸಿಕ್ಕಿದ ಒಂದು ದಪ್ಪ ಪುಸ್ತಕ ಕೊಟ್ಟೆ. ತಮಾಷೆಯ ಅದ್ಭುತ ಕಥೆ. ನಿದ್ದೆ ಬಾರದ ಒಬ್ಬ ರಾಕ್ಷಸ ದಿಂಬು ಮಾಡಿಕೊಳ್ಳುವುದಕ್ಕೆಂದು ಒಂದು ರಾಜ್ಯದ ಮೋಡಗಳನ್ನೆಲ್ಲ ಕದ್ದೊಯ್ಯುತ್ತಾನೆ. ಮಳೆ ನಿಂತು ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಳ್ಳುವವನು ಕೊಡೆ ರಿಪೇರಿ ಮಾಡುವ ಐವತ್ತು ವರ್ಷದ ಬೋಳುತಲೆಯ ಬಡಪಾಯಿ. ದೂರು ಹೇಳಲು ಅರಮನೆಗೆ ಹೋದವನನ್ನು, ಯಾರೋ ವೀರನಿರಬೇಕೆಂದು ತಪ್ಪು ತಿಳಿದು, ಮಂತ್ರಿಯ ಹಾರುಕೋಣದ ಮೇಲೆ ಕೂರಿಸಿ ಮೋಡ ತರಲು ಕಳಿಸಿಬಿಡುತ್ತಾರೆ. ಆ ಕೋಣಕ್ಕೊಂದು ಗುಣ: ಬೈದರೆ ಮೇಲೇರುತ್ತದೆ, ಹೊಗಳಿದರೆ ನೆಲಕ್ಕೆ ಬೀಳುತ್ತದೆ.

ಪುಸ್ತಕದಲ್ಲಿ ಕೋಣ ಒಂದೇ. ಇದನ್ನು ಇಲ್ಲೇ ಸ್ಪಷ್ಟವಾಗಿ ಬರೆದಿಡುತ್ತೇನೆ.

ಆದರೆ ನಮ್ಮ ಕಡೆಯ ನಾಲಿಗೆಗೂ ಹಕಾರಕ್ಕೂ ಹಿಂದಿನಿಂದ ಆಗಿಬರುವುದಿಲ್ಲ. ಹೊಸಹೊಳಲು ಎಂಬ ಊರಿನ ಹೆಸರಿನಲ್ಲಿ ಎರಡು ಹಕಾರಗಳಿವೆ; ಅಲ್ಲಿಗೆ ಟಿಕೆಟ್ ಕೇಳುವಷ್ಟರಲ್ಲಿ ಎರಡೂ ಬಸ್ಸಿನಿಂದ ಇಳಿದಿರುತ್ತವೆ. ನಾನು ನಾಗಮಂಗಲದ ಕಡೆಯವನು, ನನ್ನದೂ ಅದೇ ನಾಲಿಗೆ; ಸಂಬಳಕ್ಕೋಸ್ಕರ ತಿದ್ದಿಕೊಂಡಿದ್ದೆ. ಕಾಲೇಜಿನಲ್ಲಿ ಹುಡುಗರನ್ನು ನಿಲ್ಲಿಸಿ “ಹಾಲು, ಹಸು, ಹುಲ್ಲು” ಅಂತ ಹೇಳಿಸುವ ನನ್ನ ಚಟ ಊರಿಗೆಲ್ಲ ಗೊತ್ತಿತ್ತು. ಸೆಕ್ರೆಟ್ರಿ ಮಾತ್ರ ತಿದ್ದಿಕೊಂಡವರಲ್ಲ. ಮೊದಲ ವಾರದಲ್ಲೇ ಒಂದು ಸಂಜೆ ಕೂತವರಿಗೆಲ್ಲ ಕೇಳುವಂತೆ ಜೋರಾಗಿ ಓದಿದರು: “ಆಗ ಮಂತ್ರಿಯ ಆರುಕೋಣ ಲಾಯದಿಂದ ಒರಬಂತು.”

ಮುಂದೆ ಕೂತಿದ್ದ ಅವರ ಅಕ್ಕ ಕೇಳಿದರು, “ಆರೂ ಒಟ್ಗೇ ಬಂದ್ವಾ ತಮ್ಮಾ?”

“ಊಂ. ಒಟ್ಗೇ ಬಂದ್ವು.”

ಇದೇ ಆ ‘ಊಂ’.

ಅಲ್ಲಿಂದ ಆ ಊರಿನಲ್ಲಿ ಕೋಣಗಳು ಆರಾದವು. ಎಮ್ಮೆ ಕಟ್ಟಿದ ಜನ. ಕೋಣ ಅಂದಮೇಲೆ ಕೇಳದೆ ಬಿಡುತ್ತಾರೆಯೇ? ಯಾವುದಕ್ಕೆ ಎಷ್ಟು ಹಲ್ಲು, ಕೊಂಬು ಹಿಂದಕ್ಕೋ ಮುಂದಕ್ಕೋ, ಆಕಾಶದಲ್ಲಿ ಮೇವಿಗೆ ಏನು ಗತಿ? ಸೆಕ್ರೆಟ್ರಿ ಗಾಜಿನ ಕಡ್ಡಿಯನ್ನು ಪುಸ್ತಕದ ಸಾಲಿನ ಮೇಲೆ ಓಡಿಸುತ್ತಲೇ ಉತ್ತರ ಕೊಡುತ್ತಿದ್ದರು. ಎರಡು ತಿಂಗಳಲ್ಲಿ ಆರಕ್ಕೂ ಒಂದೊಂದು ಸ್ವಭಾವ ಬಂತು. ಮುಂದಿನದು ದೊಡ್ಡಯ್ಯ, ತಾನೇ ಯಜಮಾನ ಅಂತ ಬೀಗುವುದು. ಇನ್ನೊಂದು ಸಿಡುಕ. ಒಂದು ಹೊಟ್ಟೆಬಾಕ, ರಾಕ್ಷಸನ ದಿಂಬು ಕದ್ದು ತಿನ್ನುವುದು. ನಾಲ್ಕನೆಯದು ಪುಕ್ಲ. ಉಳಿದವು ಆಕಾಶದಲ್ಲಿ ಹೋಗುತ್ತಿದ್ದರೆ ಪುಕ್ಲ ಕೆಳಗೆ ರಸ್ತೆಯಲ್ಲಿ ನಡೆದುಕೊಂಡೇ ಬಂದು, ಎಲ್ಲ ಮುಗಿದ ಮೇಲೆ ತಲುಪುತ್ತಿತ್ತು.

ನಾನು ಇದನ್ನು ಗಮನಿಸಿದ್ದು ತಡವಾಗಿ. ಒಂದು ದಿನ ಅವರೊಬ್ಬರೇ ಕ್ಯಾನು ತೊಳೆಯುತ್ತಿದ್ದಾಗ ಹತ್ತಿರ ಹೋಗಿ, “ಸೆಕ್ರೆಟ್ರಿಗಳೇ, ಪುಸ್ತಕಕ್ಕೆ ನೀವು ಒಸಿ ನೀರು ಬೆರೆಸುತ್ತಿದ್ದೀರಿ” ಅಂದೆ.

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. “ಅಸಿ ಆಲು ಕುಡುದ್ರೆ ಅಜೀರ್ಣ ಆಗ್ತದೆ ಮೇಷ್ಟ್ರೇ” ಅಂದು ಕ್ಯಾನು ಬೋರಲು ಹಾಕಿದರು. ಅದು ಒಪ್ಪಿಗೆಯೋ, ಬರೀ ಹಾಲಿನ ವಿಚಾರವೋ ನನಗೆ ತಿಳಿಯಲಿಲ್ಲ.

ಕೋಣ ಹಾರುವ ಜಾಗ ಬಂದಾಗ ಓದು ನಿಲ್ಲುತ್ತಿತ್ತು. ಬೈಗುಳ ಬೇಕಲ್ಲ. ಪುಸ್ತಕದಲ್ಲಿ ಕೊಡೆ ರಿಪೇರಿಯವನು “ಎಲೈ ಜಡಮತಿಯೇ, ಮೇಲೇಳು” ಅನ್ನುತ್ತಾನೆ. ಸೆಕ್ರೆಟ್ರಿ ಅದನ್ನು ಓದಿ ಮುಖ ಸಿಂಡರಿಸಿ, “ಇದ್ ಬರ್ದೋನು ಜಲ್ಮದಾಗೆ ಎಮ್ಮೆ ಒಡ್ಕಂಡ್ ಓಗಿಲ್ಲ ಕಣ್ರಪ್ಪಾ. ಇದ್ಕೆ ಕೋಣ ಎದ್ದದಾ? ನೀವ್ ಬೈಯ್ರಿ” ಅನ್ನುತ್ತಿದ್ದರು. ಕೂತಿದ್ದವರೆಲ್ಲ ಶುರು. “ಲೇ ಮುಂಡೇದೆ, ಏಳ್ಲಾ!” “ತಿಂದ್ ಉಲ್ಲಿಗಾರ ಮರ್ಯಾದೆ ಬ್ಯಾಡ್ವೇನ್ಲಾ!” ಐದು ಕೋಣವೂ ಎದ್ದೇಳುವಷ್ಟು ಬೈಗುಳ. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರಾಕ್ಟರು ಎದುರಿಗೆ ಹಾದರೆ ಆ ಡ್ರೈವರು ತನ್ನನ್ನೇ ಬೈಯುತ್ತಿದ್ದಾರೆಂದು ತಿಳಿದು ನಿಲ್ಲಿಸಿದ್ದೂ ಇದೆ. ಇದ್ದಿರಬೇಕು. ಇದನ್ನು ನಾನು ನೋಡಿದೆನೋ, ಸೆಕ್ರೆಟ್ರಿಯೇ ಹೇಳಿದರೋ, ಖಚಿತವಿಲ್ಲ.

ಪುಕ್ಲನ ಸರದಿ ಬಂದಾಗ ಮಾತ್ರ ಅಕ್ಕ ಅಡ್ಡ ಬರುತ್ತಿದ್ದರು. “ಅದೊಂದ್ನ ಬುಟ್ಬುಡ್ರೋ. ಪಾಪದ್ದು, ಅದ್ನ್ಯಾಕ್ ಬೈದೀರಿ?” ಬೈಯುವವರಿಲ್ಲದೆ ಪುಕ್ಲ ನೆಲದ ಮೇಲೇ ಉಳಿಯಿತು. “ಕೊನೇಗಾರ ಆರ್ತದಾ ತಮ್ಮಾ?” ಅಂತ ಅಕ್ಕ ದಿನಾ ಕೇಳುವರು. “ಪುಸ್ತಕ ಮುಗೀಲಿ ತಡಿಯಕ್ಕ” ಅಂತ ಇವರು ದಿನಾ ಹೇಳುವರು.

ಕೇಳುತ್ತಿದ್ದವರಲ್ಲಿ ಓದು ಬಂದವರು ಇರಲಿಲ್ಲವೆಂದಲ್ಲ. ಆದರೆ ಇನ್ನೊಬ್ಬರು ಓದುತ್ತಿರುವ ಕಥೆಯ ಪುಸ್ತಕವನ್ನು ಇಣುಕಿ ನೋಡುವುದು, ಇನ್ನೊಬ್ಬರ ತಪ್ಪಲೆಯ ಮುಚ್ಚಳ ತೆಗೆದು ನೋಡಿದ ಹಾಗೆ. ಯಾರೂ ನೋಡಲಿಲ್ಲ.

ಪುಸ್ತಕದಲ್ಲಿ ಇನ್ನು ನಲವತ್ತು ಪುಟದ ಹಾಗೆ ಉಳಿದಿದ್ದಾಗ, ಅದೇ ಕಥೆ ಫಿಲಂ ಆಗಿ ಪಾಂಡವಪುರದ ಟಾಕೀಸಿಗೆ ಬಂತು.

ಸುದ್ದಿ ತಂದವರು ಮೂಲೆಮನೆಯ ಯಜಮಾನರು. ಅವರ ಹಾಲು ಆ ವರ್ಷ ಎರಡು ಸಲ ವಾಪಸ್ಸಾಗಿತ್ತು. ಆದರೂ ಕಥೆ ಕೇಳುವುದನ್ನು ಬಿಟ್ಟಿರಲಿಲ್ಲ. ಸೆಕ್ರೆಟ್ರಿಗೆ ಬೆನ್ನು ತಿರುಗಿಸಿ ಕೂತು ಕೇಳುತ್ತಿದ್ದರು. “ನಿನ್ ಪುಸ್ತಕದ್ ಫಿಲಂ ಬಂದದಂತಲ್ಲಪ್ಪ. ನೋಡ್ಕಂಡ್ ಬರಾನ ನಡಿ, ಆರೂ ಎಂಗ್ ಆರ್ತಾವೆ ಅಂತ” ಅಂದರು.

ಅಕ್ಕ ಕೂತಲ್ಲಿಂದ ಎದ್ದರು. “ಪುಕ್ಲನ್ನೂ ತೋರಿಸ್ತಾರಾ?”

ಸೆಕ್ರೆಟ್ರಿಯ ಮುಖ ನೋಡಬೇಕೆಂದು ನಾನು ತಿರುಗಿದೆ. ಅವರು ಕಡ್ಡಿ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. “ಓಗಾನ” ಅಂದರು. ಬೇಡ ಅನ್ನಬಹುದಿತ್ತು. ನೂರು ನೆವ ಇದ್ದವು.

ಮ್ಯಾಟಿನಿ ನೋಡಿ ಸಂಜೆಯ ಹಾಲಿಗೆ ವಾಪಸ್ ಬರಬಹುದೆಂದು ಹನ್ನೊಂದು ಜನ ಹೊರಟೆವು. ನನ್ನನ್ನು ಯಾರೂ ಕರೆದಿರಲಿಲ್ಲ. ಸೆಕ್ರೆಟ್ರಿ ಹೇಗೆ ಸಿಕ್ಕಿಬೀಳುತ್ತಾರೆಂದು ನೋಡುವ ಆಸೆ ನನ್ನನ್ನು ಬಸ್ಸು ಹತ್ತಿಸಿತು. ಇದು ಒಳ್ಳೆಯ ಗುಣವಲ್ಲ, ಆದರೆ ನಡೆದದ್ದು ಹಾಗೆ.

ಫಿಲಂನವರು ಬೋಳುತಲೆಯವನಿಗೆ ಕೂದಲು ಬರಿಸಿದ್ದರು. ಐವತ್ತು ವರ್ಷವನ್ನು ಇಪ್ಪತ್ತೈದು ಮಾಡಿದ್ದರು. ಪುಸ್ತಕದಲ್ಲಿಲ್ಲದ ರಾಜಕುಮಾರಿಯೊಬ್ಬಳು ಮೋಡದ ಮೇಲೆ ಕುಣಿದಳು. ಆಮೇಲೆ ಕೋಣ ಬಂತು. ಒಂದು ಕೋಣ. ಅದಕ್ಕೆ ಬಿಳಿ ಬಟ್ಟೆಯ ಎರಡು ರೆಕ್ಕೆ ಕಟ್ಟಿದ್ದರು.

“ಕೋಣಕ್ ರೆಕ್ಕೆ ಯಾಕ್ರಲಾ?” ಸೆಕ್ರೆಟ್ರಿ ಕತ್ತಲಲ್ಲಿ ಜೋರಾಗಿಯೇ ಕೇಳಿದರು. “ಬೈಗುಳ ಸಾಲ್ದಾ?”

ಅಕ್ಕ ಬೆರಳು ಮಡಚಿ ಒಂದು ಎಣಿಸಿ, ಎರಡನೆಯ ಬೆರಳನ್ನು ಹಿಡಿದುಕೊಂಡು ಕಾದರು. ಇಂಟರ್‌ವಲ್ ಆಯಿತು. ಆ ಬೆರಳು ಮಡಚಲೇ ಇಲ್ಲ. ಮೂಲೆಮನೆಯವರು ಸೀಟಿನಲ್ಲಿ ಅರ್ಧ ತಿರುಗಿ ಕೂತು ಪರದೆ ಬಿಟ್ಟು ಸೆಕ್ರೆಟ್ರಿಯನ್ನೇ ನೋಡುತ್ತಿದ್ದರು. ನಾನೂ ಅವರನ್ನೇ ನೋಡುತ್ತಿದ್ದೆ. ಸೆಕ್ರೆಟ್ರಿ ಮಾತ್ರ ಬಾಯಿ ಬಿಟ್ಟುಕೊಂಡು, ತೊಡೆ ತಟ್ಟಿಕೊಂಡು, ನಗಬೇಕಾದ ಕಡೆಯೆಲ್ಲ ಎಲ್ಲರಿಗಿಂತ ಮುಂಚೆ ನಗುತ್ತ ಸಿನಿಮಾ ನೋಡುತ್ತಿದ್ದರು. ಸಿಕ್ಕಿಬೀಳಲಿರುವ ಮನುಷ್ಯ ಅಷ್ಟು ಸಂತೋಷವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಯಲ್ಲಿ ರಾಜಕುಮಾರಿ ಕೋಣದ ಕುತ್ತಿಗೆ ತಬ್ಬಿ ಹೊಗಳಿಬಿಡುತ್ತಾಳೆ. ಅದು ಆಕಾಶದಿಂದ ಬೀಳತೊಡಗುತ್ತದೆ. ನಾಯಕ ಬೈದ. ತೆಳ್ಳಗಿನ ದನಿ, ಪುಸ್ತಕದ ಭಾಷೆ. ಕೋಣ ಬೀಳುತ್ತಲೇ ಇತ್ತು. ನಮ್ಮ ಸಾಲಿನಲ್ಲಿ ಮೊದಲು ಎದ್ದು ನಿಂತವರು ಸೆಕ್ರೆಟ್ರಿ.

“ಏಳ್ಲಾ ಮುಂಡೇದೆ! ಸಾಯ್ತೀಯಾ?”

ಆಮೇಲೆ ಉಳಿದವರೂ ಎದ್ದರು. ಬೆನ್ನು ತಿರುಗಿಸಿ ಕೇಳುವ ಮೂಲೆಮನೆಯವರೂ ತಡೆಯಲಾರದೆ ಎದ್ದು, ಎಲ್ಲರಿಗಿಂತ ಒರಟು ಬೈಗುಳವನ್ನು ಪರದೆಗೆ ಎಸೆದರು. ಏನು ಎಂದು ತಿಳಿಯದಿದ್ದರೂ ಪಾಂಡವಪುರದ ಮುಂದಿನ ಬೆಂಚಿನವರೂ ದನಿ ಸೇರಿಸಿದರು. ಕೋಣ ಎದ್ದಿತು. ಫಿಲಂನಲ್ಲಿ ಏಳಲೇಬೇಕಿತ್ತು, ಗೊತ್ತು. ಆದರೆ ಆ ಟಾಕೀಸಿನಲ್ಲಿ ಕೂತಿದ್ದವರಲ್ಲಿ ಯಾರೂ ಅದನ್ನು ನಂಬಲು ತಯಾರಿರಲಿಲ್ಲ, ನಾನೂ ಬೈದಿದ್ದೆ.

ವಾಪಸ್ ಬಸ್ಸು ಹತ್ತಿ ಕೂತೆವು. ಆಮೇಲೆ ಅಕ್ಕ ಮೆಲ್ಲಗೆ, “ಪುಕ್ಲ ಬರ್ನೇ ಇಲ್ಲ ಕಣ್ ತಮ್ಮಾ” ಅಂದರು.

ಸೆಕ್ರೆಟ್ರಿ ಕಿಟಕಿಯಾಚೆ ನೋಡಿದರು. ಹಿಂದಿನ ಸೀಟಿನಿಂದ ಯಾರೋ, “ಮಿಕ್ಕಿದ್ ಐದುಕ್ಕೆ ರೆಕ್ಕೆ ಒಲ್ಯೋ ಟೈಲರ್ ಸಿಕ್ಕನಿಲ್ವೇನೋ ಕಣಕ್ಕ” ಅಂದರು. ಬಸ್ಸೆಲ್ಲ ನಕ್ಕಿತು. ಮೂಲೆಮನೆಯವರು ನಗಲಿಲ್ಲ.

ಅವರು ಕಾದದ್ದು ಡೈರಿಯವರೆಗೆ. ಸಂಜೆ ಸಾಲಿನಲ್ಲಿ ತಮ್ಮ ಸರದಿ ಬಂದಾಗ ಕ್ಯಾನು ಕೆಳಗಿಟ್ಟು, ಅದರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು:

“ಮೊದ್ಲು ಏಳಪ್ಪ ನೀನು. ಎಷ್ಟ್ ಕೋಣ?”

“ಆಲು ಬುಡಣ್ಣ, ಒತ್ತಾಯ್ತದೆ.”

“ಬುಡ್ತೀನಿ. ಒಂದ್ ಕೋಣನ ಆರು ಅಂತ ವರ್ಸಗಟ್ಲೆ ಊರಿಗೆಲ್ಲ ಏಳ್ದೋನು, ನನ್ ಆಲು ಇಪ್ಪತ್ತೆಂಟಿದ್ರೆ ಇಪ್ಪತ್ಮೂರು ಅನ್ನಾಕೆ ನಾಚ್ಕತೀಯಾ? ಆ ಗೆರೆ ನಾವ್ಯಾರಾರ ಕಂಡಿದ್ದೀವಾ?”

ಸಾಲಿನಲ್ಲಿದ್ದ ಬೇರೆಯವರ ಮುಖಗಳಲ್ಲೂ ಲೆಕ್ಕ ಓಡುವುದು ಕಂಡಿತು. ವಾಪಸ್ಸು ಹೋದ ಅವರವರ ತಪ್ಪಲೆಗಳು ಅವರವರಿಗೆ ನೆನಪಾಗುತ್ತಿದ್ದವು. ಇಷ್ಟು ಹೊತ್ತು ತಮಾಷೆಯಾಗಿದ್ದದ್ದು ಇನ್ನು ತಮಾಷೆಯಲ್ಲ ಅಂತ ನನಗೆ ಆಗ ಹೊಳೆಯಿತು. ನಾಳೆಯಿಂದ ಆ ಮನುಷ್ಯ ‘ಇಪ್ಪತ್ನಾಕು’ ಅಂದರೆ ಯಾರೂ ತಪ್ಪಲೆ ಎತ್ತುವುದಿಲ್ಲ. ಸೆಕ್ರೆಟ್ರಿ ಅಂತ ಕರೆಯುವುದು ಇರುತ್ತದೆ, ಅಷ್ಟೆ.

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಸೆಕ್ರೆಟ್ರಿ ಕೈ ಅಡ್ಡ ಮಾಡಿ ತಡೆದು ಒಳಗೆ ಹೋಗಿ, ತಲೆ ತಗ್ಗಿಸಿಕೊಂಡೇ ಪುಸ್ತಕ ತಂದರು. ಹುಡುಕಿ ಒಂದು ಪುಟ ಬಿಡಿಸಿ, ನನ್ನ ಕೈಗೆ ಕೊಟ್ಟರು.

“ಪುಸ್ತಕ ಮೇಷ್ಟ್ರುದು. ಕಾಲೇಜ್ನಾಗೆ ಕನ್ನಡ ಏಳ್ಕೊಡೋರು ಅವ್ರು. ಅಕ್ಸರ ತಪ್ಪಿದ್ರೆ ಐಕ್ಳ ಕಿವಿ ಇಂಡ್ತಾರೆ. ಅವ್ರೇ ಓದ್ಲಿ. ಅವ್ರು ಓದ್ದಂಗೆ.”

ಪುಟ ನೋಡಿದೆ. ಅಚ್ಚು ದೊಡ್ಡದು, ಶುದ್ಧ. ಹಕಾರ ತನ್ನ ದೀರ್ಘದೊಂದಿಗೆ ಅಲ್ಲೇ ಕೂತಿತ್ತು. ಒಂದು ವರ್ಷದಿಂದ ಅವರು ಹಗಲು ಬೆಳಕಿನಲ್ಲಿ ನೋಡಿದ್ದು ಇದೇ ಅಕ್ಷರ. ತಲೆಯೆತ್ತಿದೆ. ಮೂಲೆಮನೆಯವರು, ಅಕ್ಕ, ಸಾಲು. ಸೆಕ್ರೆಟ್ರಿ ನನ್ನ ಕಡೆ ನೋಡುತ್ತಿರಲಿಲ್ಲ, ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಓದಿದೆ. “ಆಗ ಮಂತ್ರಿಯ ಆರುಕೋಣ ಲಾಯದಿಂದ ಹೊರಬಂತು.”

‘ಹೊರಬಂತು’ ಅನ್ನುವಾಗ ಹಕಾರ ಸ್ಪಷ್ಟವಾಗಿಯೇ ಬಂತು. ಅದು ನನಗೆ ಈಗಲೂ ಕೇಳಿಸುತ್ತದೆ. ಹಾಗಾಗಿ ಊರಿನ ನಾಲಿಗೆ ಅಂತ ನಾನು ತಪ್ಪಿಸಿಕೊಳ್ಳುವಂತಿಲ್ಲ.

“ಕೇಳ್ದ್ಯೇನಣ್ಣ?” ಅಂದರು ಅಕ್ಕ. “ಫಿಲಂನೋರೇ ಕಳ್ಳರು.”

ಮೂಲೆಮನೆಯವರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ಕ್ಯಾನಿನ ಬಾಯಿಂದ ಕೈ ತೆಗೆದರು. ಸೆಕ್ರೆಟ್ರಿ ಕಡ್ಡಿ ಬಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿದರು.

“ಇಪ್ಪತ್ಮೂರು. ತಗಂಡೋಗಣ್ಣ.”

ಮೂಲೆಮನೆಯವರು ಕ್ಯಾನು ಎತ್ತಿಕೊಂಡರು, ಹೋದರು. ಅವರ ಹಿಂದಿನವರು ಮುಂದೆ ಬಂದರು.

ಆಗ ನಾನು ಎರಡು ಹೆಜ್ಜೆ ಮುಂದೆ ಹೋಗಿ ಆ ಕಡ್ಡಿಯನ್ನು ನೋಡಬಹುದಿತ್ತು. ನನಗೆ ಓದು ಬರುತ್ತಿತ್ತು, ಕಣ್ಣು ಚೆನ್ನಾಗಿತ್ತು. ನೋಡಲಿಲ್ಲ. ನೋಡಿದ್ದರೆ ಇಪ್ಪತ್ತಮೂರೇ ಇರುತ್ತಿತ್ತು ಅಂತ ನಂಬಿದ್ದೇನೆ. ಆದರೆ ಇದನ್ನು ಬರೆಯುವಾಗ ಪೆನ್ನು ಸ್ವಲ್ಪ ತಡೆಯುತ್ತದೆ.

ಮೂರನೆಯ ದಿನ ಅವರು ಪುಸ್ತಕವನ್ನು ಕೋಣೆಗೆ ತಂದುಕೊಟ್ಟರು. ಬಾಗಿಲಲ್ಲಿ ತಗ್ಗಿದವರು ಒಳಗೆ ಬಂದಮೇಲೂ ಪೂರ್ತಿ ನೆಟ್ಟಗಾಗಲಿಲ್ಲ. ಓದಿದ್ದು ಎಲ್ಲಿಯವರೆಗೆ ಅಂತ ಗುರುತಿಗೆ ಇಟ್ಟ ಹುಲ್ಲುಕಡ್ಡಿ ಹಾಗೇ ಇತ್ತು, ಕೊನೆಗೆ ನಲವತ್ತು ಪುಟ ಉಳಿದಂತೆ.

“ಮುಗಿದಿಲ್ಲವಲ್ಲ?” ಅಂದೆ.

“ಇನ್ ಬ್ಯಾಡ ಬುಡಿ ಮೇಷ್ಟ್ರೇ. ಮಿಕ್ಕಿದ್ದು ನಂಗೊತ್ತದೆ.”

ಅದೇ ಬೇಸಿಗೆಯಲ್ಲಿ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಅವರು ಡೈರಿಯಲ್ಲಿ ಕಥೆ ಮುಂದುವರಿಸಿದರು ಅಂತ ಕೇಳಿದೆ, ಪುಸ್ತಕವಿಲ್ಲದೆ. ಅಕ್ಕನ ಪುಕ್ಲನನ್ನು ಏನು ಮಾಡಿದರೋ ಕೇಳಿ ತಿಳಿಯಲಿಲ್ಲ. ಮೊದಲ ದಿನ ಆ ಅಕ್ಷರವನ್ನು ಅವರು ನಿಜವಾಗಿ ಹೇಗೆ ಓದಿಕೊಂಡಿದ್ದರು, ನಾನು ಹಕಾರವನ್ನು ಬೇಕೆಂದೇ ಬಿಟ್ಟೆನೆಂಬುದು ಅವರಿಗೆ ತಿಳಿದಿತ್ತೇ, ‘ಮಿಕ್ಕಿದ್ದು’ ಅಂದದ್ದು ಯಾವುದನ್ನು — ಇವನ್ನು ಅವರು ಬಾಗಿಲಲ್ಲಿ ನಿಂತಿದ್ದಾಗಲೇ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿಲ್ಲ.